ನೆಟ್‌ವರ್ಕ್ ಕಾರ್ಡ್ ಡ್ರೈವರ್ ದೋಷಗಳು: ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪತ್ತೆ ಮತ್ತು ಪರಿಹಾರ

ಕಂಪ್ಯೂಟರನ್ನು ಜಾಲಕ್ಕೆ ಜೋಡಿಸುವ ಕಾರ್ಡಿಗೂ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್‌ಗೂ ನಡುವೆ ನಿಂತು ಕೆಲಸ ಮಾಡುವ ತಂತ್ರಾಂಶಕ್ಕೆ ನೆಟ್‌ವರ್ಕ್ ಕಾರ್ಡ್ ಡ್ರೈವರ್ ಎಂದು ಹೆಸರು. ಕರ್ನಲ್ ಕೊಟ್ಟ ಪ್ಯಾಕೆಟ್‌ಗಳನ್ನು ಕಾರ್ಡಿಗೆ ಒಪ್ಪಿಸುವುದು, ತಂತಿಯಿಂದ ಬಂದವನ್ನು ಕರ್ನಲ್‌ಗೆ ಮುಟ್ಟಿಸುವುದು, ಸಂಪರ್ಕದ ವೇಗ ಗೊತ್ತುಮಾಡುವುದು, ಕಾರ್ಡು ಸ್ತಬ್ಧವಾದರೆ ಎಬ್ಬಿಸುವುದು ಇದರ ಮುಖ್ಯ ಕೆಲಸಗಳು. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿ, ಲಿನಕ್ಸ್ ಇವೆಲ್ಲವುಗಳಲ್ಲೂ ಡ್ರೈವರು ಕರ್ನಲ್‌ನ ಒಳಗೇ, ಅದರ ಪೂರ್ಣ ಅಧಿಕಾರದೊಂದಿಗೆ ಓಡುತ್ತದೆ. ಹಾಗಾಗಿ ಡ್ರೈವರಿನ ಸಣ್ಣ ತಪ್ಪೂ ಇಡೀ ಯಂತ್ರವನ್ನು ಕೆಡವಬಲ್ಲದು.

ಪೂರ್ತಿ ಕೆಲಸ ಮಾಡದ ಡ್ರೈವರನ್ನು ಗುರುತಿಸುವುದು ಕಷ್ಟವಲ್ಲ. ದಿನವಿಡೀ ಸರಿಯಾಗಿದ್ದು, ದೊಡ್ಡ ಕಡತ ಸಾಗಿಸುವಾಗಲೋ ರಾತ್ರಿ ಬ್ಯಾಕಪ್ ಓಡುವಾಗಲೋ ಮಾತ್ರ ಕೈಕೊಡುವ ಡ್ರೈವರೇ ತಲೆನೋವಿನದು. ಇಂಥ ದೋಷಗಳಲ್ಲಿ ಬಹುಪಾಲು ಒಂದೇ ಮೂಲದವು: ಕಾರ್ಡಿನ ನಡವಳಿಕೆಯ ಬಗ್ಗೆ ಡ್ರೈವರ್ ಬರೆದವರಿಗೆ ತಿಳಿದಿದ್ದುದಕ್ಕೂ ಕಾರ್ಡು ವಾಸ್ತವದಲ್ಲಿ ನಡೆದುಕೊಳ್ಳುವ ರೀತಿಗೂ ಇರುವ ಅಂತರ. ಆ ಅಂತರ ಯಾವ ಹಂತದಲ್ಲಿದೆ ಎಂದು ಗೊತ್ತುಮಾಡಿಕೊಳ್ಳುವುದೇ ದೋಷಪತ್ತೆ. ಈ ಲೇಖನ ಮುಖ್ಯವಾಗಿ ಫ್ರೀಬಿಎಸ್‌ಡಿಯನ್ನು ಆಧರಿಸಿದೆ. ಅಗತ್ಯವಿರುವಲ್ಲಿ ಲಿನಕ್ಸ್ ಮತ್ತು ಓಪನ್‌ಬಿಎಸ್‌ಡಿಯ ಉದಾಹರಣೆಗಳಿವೆ.

ಹಿನ್ನೆಲೆ

ಯುನಿಕ್ಸ್‌ನ ಜಾಲವ್ಯವಸ್ಥೆಗೆ ಇಂದಿನ ಚೌಕಟ್ಟು ಸಿಕ್ಕಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ. 1983ರಲ್ಲಿ ಹೊರಬಂದ 4.2ಬಿಎಸ್‌ಡಿ ಸಾಕೆಟ್‌ಗಳನ್ನೂ ‘ಇಫ್‌ಕಾನ್ಫಿಗ್’ ಆದೇಶವನ್ನೂ ತಂದಿತು. ಆಗ ಯಂತ್ರಗಳೂ ಕಾರ್ಡುಗಳೂ ಕೆಲವೇ ತಯಾರಕರವು. 1992ರಲ್ಲಿ ವಿಲಿಯಂ ಮತ್ತು ಲಿನ್ ಜಾಲಿಟ್ಸ್ ದಂಪತಿಯ 386ಬಿಎಸ್‌ಡಿ, ಮರುವರ್ಷ ನೆಟ್‌ಬಿಎಸ್‌ಡಿ ಮತ್ತು ಫ್ರೀಬಿಎಸ್‌ಡಿ ಬಂದ ಮೇಲೆ ಯುನಿಕ್ಸ್ ಮಾಮೂಲಿ ಪಿಸಿಗೆ ಇಳಿಯಿತು. ಪಿಸಿಯ ಜೊತೆಗೆ ಅಗ್ಗದ ಕಾರ್ಡುಗಳ ಸಂತೆಯೂ ಬಂತು. ನೊವೆಲ್‌ನ ಎನ್‌ಇ2000 ಕಾರ್ಡಿನ ತದ್ರೂಪುಗಳು ಎಷ್ಟೋ ಹೆಸರಿನಲ್ಲಿ ಮಾರಾಟವಾದವು. ಹೊರಗೆ ಒಂದೇ ಆದರೂ ಒಳಗಿನ ವರ್ತನೆ ಬೇರೆಬೇರೆ.

ಲಿನಕ್ಸ್‌ಗೆ ಆರಂಭದ ಈಥರ್ನೆಟ್ ಡ್ರೈವರುಗಳಲ್ಲಿ ಹಲವನ್ನು ಬರೆದವರು ಡೊನಾಲ್ಡ್ ಬೆಕರ್. ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಜೊತೆಗೂಡಿ 1994ರಲ್ಲಿ ಸಾಮಾನ್ಯ ಪಿಸಿಗಳನ್ನೇ ಜೋಡಿಸಿ ಬೇವುಲ್ಫ್ ಕ್ಲಸ್ಟರ್ ಕಟ್ಟಿದವರೂ ಅವರೇ. ಫ್ರೀಬಿಎಸ್‌ಡಿಯಲ್ಲಿ ಆ ಸ್ಥಾನ ಬಿಲ್ ಪಾಲ್ ಅವರದು. 1990ರ ದಶಕದ ಕೊನೆಯಲ್ಲಿ ಅವರು ಹತ್ತಾರು ಅಗ್ಗದ ಚಿಪ್‌ಗಳಿಗೆ ಡ್ರೈವರ್ ಬರೆದರು. ರಿಯಲ್‌ಟೆಕ್ 8139 ಚಿಪ್ಪಿಗಾಗಿ ಬರೆದ ‘ಆರ್‌ಎಲ್’ ಡ್ರೈವರಿನ ಮೂಲ ಸಂಕೇತದಲ್ಲಿ ಅವರು ಹಾಕಿದ ಟಿಪ್ಪಣಿ ಈ ಕ್ಷೇತ್ರದವರಿಗೆಲ್ಲ ಪರಿಚಿತ. ಪಿಸಿಐ ಈಥರ್ನೆಟ್ ಚಿಪ್‌ಗಳಲ್ಲಿ ಬಹುಶಃ ಇದಕ್ಕಿಂತ ಕೆಟ್ಟದ್ದು ಇಲ್ಲ ಎಂಬ ಅರ್ಥದ ಆ ಟಿಪ್ಪಣಿ ಕಾರಣವನ್ನೂ ಕೊಡುತ್ತದೆ. ಚಿಪ್ಪಿನಲ್ಲಿ ರವಾನೆಗೆ ಇರುವ ಜಾಗ ನಾಲ್ಕೇ ಪ್ಯಾಕೆಟ್‌ಗಳಿಗೆ. ಪ್ರತಿ ಪ್ಯಾಕೆಟ್ಟೂ ಸ್ಮೃತಿಯಲ್ಲಿ ಅಖಂಡವಾಗಿ, 32 ಬಿಟ್ ಗಡಿಗೆ ಸರಿಯಾಗಿ ಕೂತಿರಬೇಕು. ಬಂದ ಪ್ಯಾಕೆಟ್‌ಗಳೆಲ್ಲ ಒಂದೇ ಬಫರಿಗೆ ಸುರಿಯುತ್ತವೆ. ಹೀಗಾಗಿ ಪ್ರೊಸೆಸರ್ ಪ್ರತಿ ಪ್ಯಾಕೆಟ್ಟನ್ನೂ ನಕಲು ಮಾಡಬೇಕಾಗಿ ಬಂದು, ಚಿಪ್ಪಿಗೆ ಸ್ಮೃತಿಯನ್ನು ನೇರ ಮುಟ್ಟುವ ಸಾಮರ್ಥ್ಯ ಇದ್ದೂ ಇಲ್ಲದಂತಾಗುತ್ತದೆ. ಆದರೂ ಬೆಲೆ ಕಡಿಮೆಯಾದ್ದರಿಂದ ಈ ಚಿಪ್ ಎಲ್ಲೆಡೆ ಹರಡಿತು.

ಬಿಎಸ್‌ಡಿಗಳಲ್ಲಿ ಕಾರ್ಡಿನ ಹೆಸರೇ ಡ್ರೈವರಿನ ಹೆಸರು. ಫ್ರೀಬಿಎಸ್‌ಡಿಯಲ್ಲಿ ‘ಇಎಂ0’ ಎಂದರೆ ಇಂಟೆಲ್‌ನ ಗಿಗಾಬಿಟ್ ಕಾರ್ಡು, ‘ಆರ್‌ಇ0’ ಎಂದರೆ ರಿಯಲ್‌ಟೆಕ್‌ನದು, ‘ಬಿಜಿಇ0’ ಬ್ರಾಡ್‌ಕಾಮ್‌ನದು. ಹೆಸರು ಓದಿದೊಡನೆ ಯಾವ ಕೈಪಿಡಿಯ ಪುಟ ತೆರೆಯಬೇಕೆಂದು ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಬಹುಕಾಲ ಎಲ್ಲ ಕಾರ್ಡುಗಳೂ ‘ಈಥ್0’, ‘ಈಥ್1’ ಆಗಿದ್ದವು. 2013ರಲ್ಲಿ ಸಿಸ್ಟಮ್‌ಡಿ ಕಾರ್ಡು ಕೂತಿರುವ ಬಸ್ ಸ್ಥಾನವನ್ನು ಹೇಳುವ ‘ಇಎನ್‌ಪಿ3ಎಸ್0’ ಬಗೆಯ ಹೆಸರುಗಳನ್ನು ತಂದಿತು. ಅಲ್ಲಿ ಡ್ರೈವರ್ ಯಾವುದೆಂದು ತಿಳಿಯಲು ‘ಈಥ್‌ಟೂಲ್’ ಬೇಕು.

ಡ್ರೈವರ್ ಕೆಲಸ ಮಾಡುವ ಬಗೆ

ಇಂದಿನ ಕಾರ್ಡುಗಳು ಪ್ಯಾಕೆಟ್‌ಗಳನ್ನು ಪ್ರೊಸೆಸರಿನ ಕೈಹಾಯಿಸದೆ ನೇರವಾಗಿ ಸ್ಮೃತಿಯಿಂದ ಓದುತ್ತವೆ, ಸ್ಮೃತಿಗೆ ಬರೆಯುತ್ತವೆ. ಇದಕ್ಕೆ ಡಿಎಂಎ ಎಂದು ಹೆಸರು. ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು ಎಂಬುದನ್ನು ಡ್ರೈವರು ಡಿಸ್ಕ್ರಿಪ್ಟರ್ ಎಂಬ ಚಿಕ್ಕ ದಾಖಲೆಗಳಲ್ಲಿ ತುಂಬುತ್ತದೆ. ಅವು ಉಂಗುರಾಕಾರದ ಸಾಲಿನಲ್ಲಿರುತ್ತವೆ. ರವಾನೆಗೆ ಒಂದು ಉಂಗುರ, ಸ್ವೀಕಾರಕ್ಕೆ ಇನ್ನೊಂದು. ಪ್ರತಿ ದಾಖಲೆಯಲ್ಲೂ ಅದು ಸದ್ಯ ಯಾರ ವಶದಲ್ಲಿದೆ ಎಂದು ಹೇಳುವ ಗುರುತು ಇರುತ್ತದೆ. ಡ್ರೈವರು ತುಂಬಿ ಕಾರ್ಡಿಗೆ ಬಿಟ್ಟುಕೊಡುತ್ತದೆ, ಕಾರ್ಡು ಕೆಲಸ ಮುಗಿಸಿ ಹಿಂದಿರುಗಿಸುತ್ತದೆ. ಬಳಿಕ ಇಂಟರಪ್ಟ್ ಕಳಿಸಿ ಪ್ರೊಸೆಸರನ್ನು ಎಚ್ಚರಿಸುತ್ತದೆ.

ಈ ವಿನಿಮಯದ ಪ್ರತಿ ಹೆಜ್ಜೆಯಲ್ಲೂ ಎಡವಲು ಅವಕಾಶವಿದೆ. ದಾಖಲೆಯ ಉಳಿದ ಭಾಗ ಸ್ಮೃತಿಗೆ ತಲುಪುವ ಮೊದಲೇ ವಶದ ಗುರುತು ಬದಲಾದರೆ ಕಾರ್ಡು ಹಳೆಯ ವಿಳಾಸದಿಂದ ಕಸ ಓದುತ್ತದೆ. ಇಂಟರಪ್ಟ್ ಒಂದು ಕಳೆದುಹೋದರೆ ಉಂಗುರ ತುಂಬಿ ರವಾನೆ ನಿಂತುಬಿಡುತ್ತದೆ. 32 ಬಿಟ್ ವಿಳಾಸ ಮಾತ್ರ ಬಲ್ಲ ಕಾರ್ಡಿಗೆ 4 ಗಿಗಾಬೈಟ್ ಆಚೆಯ ಸ್ಮೃತಿಯ ವಿಳಾಸ ಕೊಟ್ಟರೆ ಬೇರೆಯದೇ ಜಾಗ ಹಾಳಾಗುತ್ತದೆ.

ಇದಕ್ಕೆಲ್ಲ ಕಾವಲಾಗಿ ವಾಚ್‌ಡಾಗ್ ಎಂಬ ಗಡುವು ಇರುತ್ತದೆ. ಕೊಟ್ಟ ಪ್ಯಾಕೆಟ್ ಗೊತ್ತಾದ ಸಮಯದೊಳಗೆ ಹೊರಹೋಗದಿದ್ದರೆ ಕಾರ್ಡು ಕೆಟ್ಟಿದೆಯೆಂದು ಭಾವಿಸಿ ಅದನ್ನು ಮರುಪ್ರಾರಂಭಿಸಲಾಗುತ್ತದೆ. ಲಿನಕ್ಸ್‌ನಲ್ಲಿ ಡ್ರೈವರು ಬೇರೆ ಹೇಳದಿದ್ದರೆ ಈ ಗಡುವು 5 ಸೆಕೆಂಡು. ಫ್ರೀಬಿಎಸ್‌ಡಿಯ ದಿನಚರಿ ಕಡತದಲ್ಲಿ ಕಾಣುವ ‘ಆರ್‌ಇ0: ವಾಚ್‌ಡಾಗ್ ಟೈಮ್‌ಔಟ್’ ಎಂಬ ಸಾಲಿನ ಅರ್ಥ ಇಷ್ಟೇ: ಕಾರ್ಡು ಹೇಳಿದ ಕೆಲಸ ಮುಗಿಸಲಿಲ್ಲ, ಅಥವಾ ಮುಗಿಸಿದ ಸುದ್ದಿ ಡ್ರೈವರಿಗೆ ಮುಟ್ಟಲಿಲ್ಲ. ತಪ್ಪು ಯಾರದೆಂದು ಅದು ಹೇಳುವುದಿಲ್ಲ.

ಲಕ್ಷಣಗಳು ಮತ್ತು ಕಾರಣಗಳು

ಸಾಮಾನ್ಯವಾಗಿ ಕಾಣುವ ಲಕ್ಷಣಗಳು ಐದು: ಸಂಪರ್ಕ ಕಡಿದು ಮತ್ತೆ ಕೂಡುವುದು, ವೇಗ ಕುಸಿಯುವುದು, ವಾಚ್‌ಡಾಗ್ ಸಂದೇಶಗಳು, ಪ್ಯಾಕೆಟ್‌ಗಳ ಒಳಗಿನ ದತ್ತಾಂಶ ಕೆಡುವುದು, ಕರ್ನಲ್ ಪ್ಯಾನಿಕ್. ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರುವುದರಿಂದ ಕಾರಣಗಳ ಕಡೆಯಿಂದ ನೋಡುವುದು ಹೆಚ್ಚು ಉಪಯುಕ್ತ.

ಕೇಬಲ್ ಮತ್ತು ಸಂಧಾನ. ಡ್ರೈವರಿನ ತಲೆಗೆ ಕಟ್ಟಿದ ದೋಷಗಳಲ್ಲಿ ಬಹಳಷ್ಟು ತಂತಿಯವು. ಗಿಗಾಬಿಟ್ ಈಥರ್ನೆಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಹಾಗಾಗಿ ಒಂದು ತಂತಿ ಸಡಿಲವಾದರೂ ಸಂಪರ್ಕ ಪೂರ್ತಿ ಹೋಗದೆ 100ಕ್ಕೆ ಇಳಿಯಬಹುದು. ವೇಗವನ್ನು ಎರಡೂ ತುದಿಗಳು ತಾವೇ ಮಾತಾಡಿಕೊಂಡು ಗೊತ್ತುಮಾಡುವ ಕ್ರಮ 1995ರ ಐಇಇಇ 802.3ಯು ಮಾನಕದಿಂದ ಬಂತು. ಸ್ವಿಚ್ಚಿನ ಕಡೆ 100 ಮೆಗಾಬಿಟ್ ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ಕಟ್ಟಿಹಾಕಿ, ಕಾರ್ಡನ್ನು ಸ್ವಯಂಸಂಧಾನಕ್ಕೆ ಬಿಟ್ಟರೆ, ಉತ್ತರ ಸಿಗದ ಕಾರ್ಡು ವೇಗವನ್ನು ಸರಿಯಾಗಿ ಊಹಿಸಿದರೂ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಒಂದು ಕಡೆಯವರು ಫೋನಿನಲ್ಲಿ, ಇನ್ನೊಂದು ಕಡೆಯವರು ವಾಕಿಟಾಕಿಯಲ್ಲಿ ಮಾತಾಡಿದ ಹಾಗೆ. ಪಿಂಗ್ ಸಲೀಸಾಗಿ ಹೋಗುತ್ತದೆ, ಕಡತ ಕಳಿಸಿದೊಡನೆ ವೇಗ ನೆಲಕಚ್ಚುತ್ತದೆ. 1999ರ ಗಿಗಾಬಿಟ್ ತಾಮ್ರದ ಮಾನಕದಲ್ಲಿ ಸ್ವಯಂಸಂಧಾನ ಕಡ್ಡಾಯವಾದ ಮೇಲೆ ಈ ತೊಂದರೆ ಕಡಿಮೆಯಾಗಿದೆ.

ಇಂಟರಪ್ಟ್‌ಗಳು. ಹಳೆಯ ಕಾರ್ಡುಗಳು ಒಂದೇ ಇಂಟರಪ್ಟ್ ತಂತಿಯನ್ನು ಡಿಸ್ಕ್, ಯುಎಸ್‌ಬಿ ನಿಯಂತ್ರಕಗಳೊಂದಿಗೆ ಹಂಚಿಕೊಳ್ಳುತ್ತಿದ್ದವು. ಹೊಸವು ಎಂಎಸ್‌ಐ, ಎಂಎಸ್‌ಐ-ಎಕ್ಸ್ ಎಂಬ ಸಂದೇಶರೂಪದ ಇಂಟರಪ್ಟ್ ಬಳಸುತ್ತವೆ. ಕೆಲವು ಚಿಪ್ ಮತ್ತು ಮದರ್‌ಬೋರ್ಡ್ ಜೋಡಿಗಳಲ್ಲಿ ಇವು ನಡುವೆ ಕಳೆದುಹೋಗುತ್ತವೆ. ಇದಕ್ಕೆ ತದ್ವಿರುದ್ಧವಾದದ್ದು ಇಂಟರಪ್ಟ್‌ಗಳ ಪ್ರವಾಹ. ಆಗ ಫ್ರೀಬಿಎಸ್‌ಡಿ ‘ಇಂಟರಪ್ಟ್ ಸ್ಟಾರ್ಮ್ ಡಿಟೆಕ್ಟೆಡ್’ ಎಂದು ಬರೆದು ಆ ಮೂಲಕ್ಕೆ ಕಡಿವಾಣ ಹಾಕುತ್ತದೆ. ಲಿನಕ್ಸ್ ಯಾರೂ ಉತ್ತರಿಸದ ಇಂಟರಪ್ಟ್ ತಂತಿಯನ್ನು ಕೊನೆಗೆ ಮುಚ್ಚಿಯೇ ಬಿಡುತ್ತದೆ. ಅದನ್ನೇ ಹಂಚಿಕೊಂಡಿದ್ದ ಬೇರೆ ಸಾಧನಗಳೂ ಅದರೊಂದಿಗೆ ನಿಲ್ಲುತ್ತವೆ.

ಆಫ್‌ಲೋಡ್ ಸೌಲಭ್ಯಗಳು. ಚೆಕ್‌ಸಮ್ ಲೆಕ್ಕ ಹಾಕುವುದು, ದೊಡ್ಡ ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ ಕತ್ತರಿಸುವುದು (ಟಿಎಸ್‌ಒ), ಬಂದ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸುವುದು (ಎಲ್‌ಆರ್‌ಒ), ವಿಎಲ್ಯಾನ್ ಚೀಟಿ ಅಂಟಿಸುವುದು: ಈ ಕೆಲಸಗಳನ್ನು ಪ್ರೊಸೆಸರಿನಿಂದ ಕಾರ್ಡಿಗೆ ವರ್ಗಾಯಿಸಬಹುದು. ಚಿಪ್ಪಿನ ದೋಷಗಳು ಅಡಗಿರುವುದು ಹೆಚ್ಚಾಗಿ ಇಲ್ಲೇ. ದತ್ತಾಂಶ ಸದ್ದಿಲ್ಲದೆ ಕೆಡುವುದಕ್ಕೂ ಇದು ಕಾರಣವಾಗಬಲ್ಲದು. ಲೆಕ್ಕ ತಪ್ಪಾದ ಪ್ಯಾಕೆಟ್ಟಿಗೂ ಕಾರ್ಡು ಸರಿ ಎಂಬ ಮುದ್ರೆ ಒತ್ತಿದರೆ ಕರ್ನಲ್ ಮತ್ತೆ ಪರೀಕ್ಷಿಸುವುದಿಲ್ಲ. ಎಲ್‌ಆರ್‌ಒ ವಿಷಯ ಬೇರೆ: ರೂಟರ್ ಅಥವಾ ಬ್ರಿಡ್ಜ್ ಆಗಿ ಕೆಲಸ ಮಾಡುವ ಯಂತ್ರದಲ್ಲಿ ಕಾರ್ಡು ಸರಿಯಾಗಿದ್ದರೂ ಅದನ್ನು ಚಾಲೂ ಇಡಬಾರದು.

ವಿದ್ಯುತ್ ಉಳಿತಾಯ. ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯನ್ನು ನಿದ್ರೆಗೆ ಕಳಿಸುವ ಎಎಸ್‌ಪಿಎಂ, ತಂತಿಯಲ್ಲಿ ಸಂಚಾರವಿಲ್ಲದಾಗ ವಿದ್ಯುತ್ ತಗ್ಗಿಸುವ 802.3ಎಝಡ್ ಇವೆರಡೂ ಸಂಪರ್ಕ ಕಡಿಯುವ ದೂರುಗಳ ಹಿಂದೆ ಪದೇಪದೇ ಕಾಣಿಸಿಕೊಂಡಿವೆ. ಇಂಟೆಲ್ 82574 ಚಿಪ್ಪಿಗೆ ಎಎಸ್‌ಪಿಎಂ ಒಗ್ಗದ ಕಾರಣ ಲಿನಕ್ಸ್‌ನ ‘ಇ1000ಇ’ ಡ್ರೈವರು ಅದನ್ನು ತಾನೇ ಆರಿಸುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಇಟ್ಟುಕೊಂಡವರಿಗೆ ಇನ್ನೊಂದು ಕಾಟವಿದೆ. ವಿಂಡೋಸ್ ಹೊರಹೋಗುವಾಗ ಕಾರ್ಡನ್ನು ಗಾಢ ನಿದ್ರೆಗೆ ದೂಡಿರುತ್ತದೆ. ರೀಬೂಟ್ ಆಗಿ ಬಂದ ಬೇರೆ ಸಿಸ್ಟಮ್‌ಗೆ ಅದನ್ನು ಎಬ್ಬಿಸಲು ಆಗದಿರಬಹುದು. ವಿದ್ಯುತ್ ತಂತಿಯನ್ನೇ ಕಿತ್ತು ಮತ್ತೆ ಹಾಕಿದಾಗ ಕಾರ್ಡು ಸರಿಹೋದರೆ ಕಾರಣ ಇದೇ ಎಂದು ಊಹಿಸಬಹುದು.

ಸ್ಮೃತಿಯ ಕೊರತೆ. ಫ್ರೀಬಿಎಸ್‌ಡಿ ಪ್ಯಾಕೆಟ್‌ಗಳನ್ನು ಎಂಬಫ್ ಎಂಬ ತುಣುಕುಗಳಲ್ಲಿ ಇಡುತ್ತದೆ. 9,000 ಬೈಟ್‌ನ ಜಂಬೋ ಪ್ಯಾಕೆಟ್‌ಗಳಿಗೆ 9 ಕಿಲೋಬೈಟ್ ಅಖಂಡ ಜಾಗ ಬೇಡುವ ಡ್ರೈವರುಗಳು, ಯಂತ್ರ ಬಹುದಿನ ಓಡಿ ಸ್ಮೃತಿ ಚೂರುಚೂರಾದ ಮೇಲೆ, ಖಾಲಿ ಜಾಗವಿದ್ದರೂ ಸಿಗದೆ ನಿಂತುಹೋಗುತ್ತವೆ. ರೀಬೂಟ್ ಮಾಡಿದರೆ ಸರಿ, ಕೆಲವು ವಾರಗಳ ನಂತರ ಮತ್ತದೇ ಕಥೆ.

ಒಂದೇ ಗುರುತಿನ ಹಲವು ಚಿಪ್‌ಗಳು. ರಿಯಲ್‌ಟೆಕ್ 8168 ಎಂಬ ಒಂದೇ ಪಿಸಿಐ ಗುರುತಿನಡಿ ವರ್ಷಗಟ್ಟಲೆ ಅನೇಕ ಪರಿಷ್ಕರಣೆಗಳು ಬಂದಿವೆ. ಒಳಗಿನ ರಿಜಿಸ್ಟರನ್ನು ಓದಿ ಪರಿಷ್ಕರಣೆಯನ್ನು ಗುರುತಿಸಿ, ಆಯಾ ಚಿಪ್ಪಿಗೆ ತಕ್ಕ ಸಿದ್ಧತೆಯನ್ನು ಡ್ರೈವರು ಮಾಡಬೇಕು. ಹೊಸ ಪರಿಷ್ಕರಣೆಯನ್ನು ಅರಿಯದ ಹಳೆಯ ಡ್ರೈವರು ಅದನ್ನು ಹಿಂದಿನದೇ ಎಂದು ತಿಳಿದು ನಡೆಸಿದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಒಬ್ಬರಿಗೆ ಸರಿಯಾಗಿ ನಡೆಯುವ ‘ಅದೇ ಕಾರ್ಡು’ ಇನ್ನೊಬ್ಬರಿಗೆ ನಡೆಯದಿರುವುದು ಈ ಕಾರಣಕ್ಕೆ.

ಯಂತ್ರಾಂಶದ್ದೇ ದೋಷ. ಇಂಟೆಲ್‌ನ 2.5 ಗಿಗಾಬಿಟ್ ಐ225-ವಿ ಚಿಪ್ಪಿನ ಮೊದಲ ಆವೃತ್ತಿಗಳಲ್ಲಿ ಎರಡು ಪ್ಯಾಕೆಟ್‌ಗಳ ನಡುವಿನ ಅಂತರ ಮಾನಕಕ್ಕೆ ತಕ್ಕಂತಿರಲಿಲ್ಲ. ಕೆಲವು ಸ್ವಿಚ್‌ಗಳ ಜೊತೆ ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದವು. ಇದಕ್ಕೆ ಚಿಪ್ಪಿನ ಪರಿಷ್ಕರಣೆಯೇ ಬೇಕಾಯಿತು. ಇಂಥಲ್ಲಿ ಡ್ರೈವರನ್ನು ತಿದ್ದಿ ಫಲವಿಲ್ಲ.

ಪತ್ತೆಯ ಕ್ರಮ

ದೋಷಪತ್ತೆಯ ಮೊದಲ ನಿಯಮ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ನಾಲ್ಕು ಸೌಲಭ್ಯಗಳನ್ನು ಒಟ್ಟಿಗೆ ಆರಿಸಿ ಸಂಪರ್ಕ ಸರಿಹೋದರೆ ನೆಮ್ಮದಿ ಸಿಗಬಹುದು, ಕಾರಣ ಸಿಗುವುದಿಲ್ಲ.

ಮೊದಲು ಕಾರ್ಡಿನ ನಿಜವಾದ ಗುರುತು ತಿಳಿಯಬೇಕು. ಪೆಟ್ಟಿಗೆಯ ಮೇಲಿನ ಹೆಸರು ಇಲ್ಲಿ ಕೆಲಸಕ್ಕೆ ಬಾರದು. ಫ್ರೀಬಿಎಸ್‌ಡಿಯಲ್ಲಿ ‘ಪಿಸಿಐಕಾನ್ಫ್ -ಎಲ್‌ವಿ’, ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಮತ್ತು ಅಂಟಿಕೊಂಡಿರುವ ಡ್ರೈವರನ್ನು ತೋರಿಸುತ್ತವೆ. ಫ್ರೀಬಿಎಸ್‌ಡಿಯ ಪಟ್ಟಿಯಲ್ಲಿ ಸಾಲು ‘ನನ್’ ಎಂದು ಆರಂಭವಾದರೆ ಆ ಸಾಧನವನ್ನು ಯಾವ ಡ್ರೈವರೂ ವಹಿಸಿಕೊಂಡಿಲ್ಲ ಎಂದರ್ಥ. ಬಳಿಕ ‘ಡಿಮೆಸೇಜ್’ ಮತ್ತು ದಿನಚರಿ ಕಡತದಲ್ಲಿ ತೊಂದರೆಯಾದ ಹೊತ್ತಿನ ಸಾಲುಗಳನ್ನು ಓದಬೇಕು. ಅದೇ ಕ್ಷಣದಲ್ಲಿ ಡಿಸ್ಕ್ ಅಥವಾ ಯುಎಸ್‌ಬಿಯ ದೂರುಗಳೂ ಇದ್ದರೆ ಹಂಚಿಕೊಂಡ ಇಂಟರಪ್ಟ್ ಅಥವಾ ವಿದ್ಯುತ್ ಪೂರೈಕೆಯ ಕಡೆ ಗಮನ ಹರಿಯಬೇಕು.

ಎರಡನೆಯದು ಕೇಬಲ್, ಸ್ವಿಚ್ಚಿನ ಪೋರ್ಟ್ ಮತ್ತು ಸಾಧ್ಯವಾದರೆ ಕಾರ್ಡಿನ ಸ್ಲಾಟ್ ಬದಲಿಸುವುದು. ಲಿನಕ್ಸ್ 5.8ರಿಂದ ‘ಈಥ್‌ಟೂಲ್’ ಕೆಲವು ಕಾರ್ಡುಗಳಲ್ಲಿ ಕೇಬಲ್ಲನ್ನೇ ಪರೀಕ್ಷಿಸಿ ತಂತಿ ಎಷ್ಟು ಮೀಟರಿನಲ್ಲಿ ತುಂಡಾಗಿದೆ ಎಂದು ಹೇಳಬಲ್ಲದು.

ಮೂರನೆಯದು ಲೆಕ್ಕಪಟ್ಟಿ. ‘ನೆಟ್‌ಸ್ಟ್ಯಾಟ್ -ಐ’ ದೋಷಗಳ ಒಟ್ಟು ಸಂಖ್ಯೆ ಕೊಡುತ್ತದೆ. ಫ್ರೀಬಿಎಸ್‌ಡಿಯ ‘ಸಿಸ್‌ಕಂಟ್ರೋಲ್’ನಲ್ಲಿ ಡ್ರೈವರಿನ ಶಾಖೆ, ಲಿನಕ್ಸ್‌ನ ‘ಈಥ್‌ಟೂಲ್ -ಎಸ್’ ಅದನ್ನು ಬಿಡಿಸಿ ತೋರಿಸುತ್ತವೆ. ಯಾವ ಎಣಿಕೆ ಏರುತ್ತಿದೆ ಎಂಬುದೇ ದಿಕ್ಕು ತೋರಿಸುತ್ತದೆ. ಸಿಆರ್‌ಸಿ ದೋಷ ಏರಿದರೆ ಕೇಬಲ್ ಅಥವಾ ಡ್ಯೂಪ್ಲೆಕ್ಸ್. ತಡವಾದ ಡಿಕ್ಕಿಗಳು ಏರಿದರೆ ಡ್ಯೂಪ್ಲೆಕ್ಸ್ ಹೊಂದಾಣಿಕೆಯಾಗಿಲ್ಲ. ಕೈತಪ್ಪಿದ ಪ್ಯಾಕೆಟ್‌ಗಳು ಏರಿದರೆ ತಂತಿ ಸರಿಯಿದೆ, ಯಂತ್ರ ಸಕಾಲದಲ್ಲಿ ಉಂಗುರವನ್ನು ಖಾಲಿ ಮಾಡುತ್ತಿಲ್ಲ. ಎಲ್ಲವೂ ಸೊನ್ನೆಯಾಗಿದ್ದೂ ವೇಗ ಇಲ್ಲವೆಂದರೆ ತೊಂದರೆ ಮೇಲಿನ ಪದರಗಳಲ್ಲಿರಬಹುದು. ‘ನೆಟ್‌ಸ್ಟ್ಯಾಟ್ -ಎಂ’ ಎಂಬಫ್ ಕೊರತೆಯನ್ನೂ ‘ವಿಎಂಸ್ಟ್ಯಾಟ್ -ಐ’ ಇಂಟರಪ್ಟ್‌ಗಳ ಪ್ರಮಾಣವನ್ನೂ ಹೇಳುತ್ತವೆ. ಲಿನಕ್ಸ್‌ನಲ್ಲಿ ಇಂಟರಪ್ಟ್‌ಗಳ ಎಣಿಕೆ ‘ಪ್ರಾಕ್’ ಕಡತವ್ಯವಸ್ಥೆಯಲ್ಲಿ ಸಿಗುತ್ತದೆ.

ನಾಲ್ಕನೆಯದು ದೋಷವನ್ನು ಬೇಕೆಂದಾಗ ಬರಿಸುವುದು. ಎರಡು ಯಂತ್ರಗಳ ನಡುವೆ ‘ಐಪರ್ಫ್3’ ಓಡಿಸಿ, ಕಳಿಸುವ ಮತ್ತು ಪಡೆಯುವ ದಿಕ್ಕುಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಒಂದೇ ದಿಕ್ಕಿನಲ್ಲಿ ಕೆಟ್ಟರೆ ಹುಡುಕುವ ಕ್ಷೇತ್ರ ಅರ್ಧಕ್ಕೆ ಇಳಿಯಿತು. ಈ ಹಂತದಲ್ಲಿ ‘ಟಿಸಿಪಿಡಂಪ್’ ನೋಡುವವರು ಒಂದು ಸುಳ್ಳು ಸುಳಿವಿನ ಬಗ್ಗೆ ಎಚ್ಚರವಾಗಿರಬೇಕು. ಕಳಿಸುವ ಯಂತ್ರದಲ್ಲೇ ಹಿಡಿದ ಪ್ಯಾಕೆಟ್‌ಗಳಲ್ಲಿ ಚೆಕ್‌ಸಮ್ ತಪ್ಪಾಗಿ ಕಾಣುವುದು, ಗಾತ್ರ 1,500 ಬೈಟ್ ಮೀರುವುದು ದೋಷವಲ್ಲ. ಚೆಕ್‌ಸಮ್ ತುಂಬುವುದೂ ಪ್ಯಾಕೆಟ್ ಕತ್ತರಿಸುವುದೂ ಅದಾದ ಮೇಲೆ ಕಾರ್ಡಿನಲ್ಲಿ ನಡೆಯುತ್ತವೆ. ಸತ್ಯ ತಿಳಿಯಲು ಪಡೆಯುವ ಯಂತ್ರದಲ್ಲಿ ಹಿಡಿಯಬೇಕು.

ಐದನೆಯದು ಸೌಲಭ್ಯಗಳನ್ನು ಒಂದೊಂದಾಗಿ ಆರಿಸುವುದು. ಫ್ರೀಬಿಎಸ್‌ಡಿಯಲ್ಲಿ ‘ಇಫ್‌ಕಾನ್ಫಿಗ್ ಆರ್‌ಇ0 -ಟಿಎಸ್‌ಒ’ ಎಂದರೆ ಟಿಎಸ್‌ಒ ಮಾತ್ರ ನಿಲ್ಲುತ್ತದೆ. ನಂತರ ರವಾನೆಯ ಚೆಕ್‌ಸಮ್, ಸ್ವೀಕಾರದ ಚೆಕ್‌ಸಮ್, ಎಲ್‌ಆರ್‌ಒ, ಪ್ರತಿ ಸಲವೂ ಅದೇ ಪರೀಕ್ಷೆ. ಲಿನಕ್ಸ್‌ನಲ್ಲಿ ‘ಈಥ್‌ಟೂಲ್ -ಕೆ’ಗೆ ದೊಡ್ಡಕ್ಷರದ ಕೆ ಬಳಸಿ ಇದನ್ನೇ ಮಾಡಬಹುದು. ಎಂಎಸ್‌ಐ ನಿಲ್ಲಿಸಲು ಫ್ರೀಬಿಎಸ್‌ಡಿಯ ಲೋಡರ್ ಕಡತದಲ್ಲಿ ಆಯಾ ಡ್ರೈವರಿನ ಆಯ್ಕೆಯನ್ನೋ ಒಟ್ಟು ಪಿಸಿಐ ಆಯ್ಕೆಯನ್ನೋ ಬದಲಿಸಿ ರೀಬೂಟ್ ಮಾಡಬೇಕು. ಸರ್ವರುಗಳಲ್ಲಿ ದೂರನಿರ್ವಹಣೆಯ ಪ್ರೊಸೆಸರೂ ಅದೇ ಪೋರ್ಟನ್ನು ಹಂಚಿಕೊಂಡಿದೆಯೇ ಎಂಬುದನ್ನೂ ನೋಡಬೇಕು.

ಕೊನೆಯದು ಹೋಲಿಕೆ. ಅದೇ ಯಂತ್ರವನ್ನು ಬೇರೆ ಸಿಸ್ಟಮ್‌ನ ಲೈವ್ ಡಿಸ್ಕ್‌ನಿಂದ ಬೂಟ್ ಮಾಡಿ ಅದೇ ಪರೀಕ್ಷೆ ನಡೆಸಿದಾಗ ಅಲ್ಲಿಯೂ ಕೆಟ್ಟರೆ ಯಂತ್ರಾಂಶದ ಮೇಲೆ, ಅಲ್ಲಿ ಸರಿಯಾದರೆ ಡ್ರೈವರಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದರೆ ಎರಡು ಆವೃತ್ತಿಗಳ ನಡುವಿನ ಬದಲಾವಣೆಗಳನ್ನು ಅರ್ಧರ್ಧವಾಗಿ ಭಾಗಿಸುತ್ತ ಹೋಗಿ ತಪ್ಪಿತಸ್ಥ ಬದಲಾವಣೆಯನ್ನು ಹಿಡಿಯಬಹುದು. ‘ಗಿಟ್ ಬೈಸೆಕ್ಟ್’ ಇರುವುದು ಇದಕ್ಕಾಗಿಯೇ.

ಪರಿಹಾರಗಳು

ಒಂದು ಸೌಲಭ್ಯವನ್ನು ಆರಿಸಿದಾಗ ತೊಂದರೆ ನಿಂತರೆ, ಆ ಆದೇಶವನ್ನು ‘ಆರ್‌ಸಿ.ಕಾನ್ಫ್’ನಲ್ಲಿ ಶಾಶ್ವತಗೊಳಿಸಿ ಮುಂದುವರಿಯುವುದು ವಾಡಿಕೆ. ಗಿಗಾಬಿಟ್ ವೇಗದಲ್ಲಿ ಇಂದಿನ ಪ್ರೊಸೆಸರುಗಳಿಗೆ ಇದರಿಂದ ದೊಡ್ಡ ಹೊರೆಯೇನೂ ಬೀಳದು. 10 ಗಿಗಾಬಿಟ್ ಮತ್ತು ಮೇಲೆ ನಷ್ಟ ಎದ್ದು ಕಾಣುತ್ತದೆ.

ಎರಡನೆಯ ದಾರಿ ತಯಾರಕರದೇ ಡ್ರೈವರ್. ಫ್ರೀಬಿಎಸ್‌ಡಿಯ ಜೊತೆ ಬರುವ ‘ಆರ್‌ಇ’ ಕೈಕೊಟ್ಟಾಗ ರಿಯಲ್‌ಟೆಕ್ ಕಂಪನಿಯ ಸಂಕೇತವನ್ನು ಆಧರಿಸಿದ ‘ರಿಯಲ್‌ಟೆಕ್-ಆರ್‌ಇ-ಕೆಮಾಡ್’ ಪ್ಯಾಕೇಜನ್ನು ಹಾಕಿಕೊಳ್ಳುವವರು ಬಹಳ. ಹೆಸರು ಎರಡಕ್ಕೂ ಒಂದೇ ಆದ್ದರಿಂದ, ಯಾವ ಕಡತವನ್ನು ಎತ್ತಿಕೊಳ್ಳಬೇಕೆಂದು ಲೋಡರ್ ಕಡತದಲ್ಲಿ ಪೂರ್ತಿ ಹಾದಿಯೊಂದಿಗೆ ಬರೆಯದಿದ್ದರೆ ಹಳೆಯದೇ ಉಳಿದುಬಿಡುತ್ತದೆ. ಕರ್ನಲ್ ನವೀಕರಿಸಿದಾಗಲೆಲ್ಲ ಹೊರಗಿನ ಡ್ರೈವರನ್ನೂ ಅದಕ್ಕೆ ಹೊಂದುವಂತೆ ನವೀಕರಿಸಬೇಕು.

ತಯಾರಕರ ಡ್ರೈವರೆಂದ ಮಾತ್ರಕ್ಕೆ ಅದು ಮೇಲು ಎಂದಲ್ಲ. ಎನ್ವಿಡಿಯಾದ ಎನ್‌ಫೋರ್ಸ್ ಚಿಪ್‌ಸೆಟ್‌ನ ಈಥರ್ನೆಟ್ ಇದಕ್ಕೆ ಸಾಕ್ಷಿ. ಕಂಪನಿ ದಾಖಲೆಗಳನ್ನು ಕೊಡದೆ ಮುಚ್ಚಿದ ದ್ವಿಮಾನ ಕಡತವನ್ನಷ್ಟೇ ಕೊಟ್ಟಿತ್ತು. ಅದನ್ನು ಸುತ್ತುಗಟ್ಟಿದ ಫ್ರೀಬಿಎಸ್‌ಡಿಯ ‘ಎನ್‌ವಿಇ’ ಡ್ರೈವರು ಟೈಮ್‌ಔಟ್‌ಗಳಿಗೆ ಹೆಸರಾಗಿತ್ತು. ಒಳಗೇನಿದೆ ಎಂದು ಕಾಣದ್ದರಿಂದ ತಿದ್ದಲೂ ಆಗುತ್ತಿರಲಿಲ್ಲ. ಲಿನಕ್ಸ್‌ನವರು ಚಿಪ್ಪಿನ ನಡವಳಿಕೆಯನ್ನು ಹೊರಗಿನಿಂದ ಅಧ್ಯಯನ ಮಾಡಿ ‘ಫೋರ್ಸ್‌ಡೆತ್’ ಬರೆದರು. ಓಪನ್‌ಬಿಎಸ್‌ಡಿಯಲ್ಲಿ ಜೊನಾಥನ್ ಗ್ರೇ ಮತ್ತು ಡೇಮಿಯನ್ ಬರ್ಗಮಿನಿ ‘ಎನ್‌ಎಫ್‌ಇ’ ಬರೆದರು. ಅದು ಫ್ರೀಬಿಎಸ್‌ಡಿಗೂ ಬಂದು ಹಳೆಯದನ್ನು ಮೂಲೆಗೆ ಸರಿಸಿತು. ವಿಂಡೋಸ್‌ನ ಡ್ರೈವರನ್ನೇ ಕರ್ನಲ್‌ನೊಳಗೆ ಓಡಿಸುವ ಬಿಲ್ ಪಾಲ್ ಅವರ ‘ಎನ್‌ಡಿಐಎಸ್’ ಹೊದಿಕೆಯೂ ಇದೇ ಕೊರತೆಯಿಂದ ಹುಟ್ಟಿದ್ದು. ಫ್ರೀಬಿಎಸ್‌ಡಿ 14ರ ಹೊತ್ತಿಗೆ ಅದನ್ನು ತೆಗೆದುಹಾಕಲಾಯಿತು.

ಎರಡು ಪ್ರಕರಣಗಳು

2008ರ ಸೆಪ್ಟೆಂಬರಿನಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಓಡಿಸಿದ ಕೆಲವರ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಈಥರ್ನೆಟ್ ಶಾಶ್ವತವಾಗಿ ಸತ್ತಿತು. ಚಿಪ್ಪಿನ ವಿಳಾಸ ಮತ್ತು ಹೊಂದಾಣಿಕೆಗಳನ್ನು ಇಟ್ಟಿರುವ ಅಳಿಯದ ಸ್ಮೃತಿಯೇ ಕೆಟ್ಟಿತ್ತು. ಎಲ್ಲರ ಬೆರಳೂ ‘ಇ1000ಇ’ ಡ್ರೈವರಿನ ಕಡೆ ತಿರುಗಿತು. ವಿತರಣೆಗಳು ಅದನ್ನು ತಮ್ಮ ಪರೀಕ್ಷಾ ಆವೃತ್ತಿಗಳಿಂದ ತಾತ್ಕಾಲಿಕವಾಗಿ ಕೈಬಿಟ್ಟವು. ನಿಜವಾದ ಅಪರಾಧಿ ಎಫ್‌ಟ್ರೇಸ್ ಎಂಬ, ಜಾಲಕ್ಕೆ ಸಂಬಂಧವೇ ಇಲ್ಲದ ಕರ್ನಲ್ ಸಾಧನ. ಸಂಕೇತದ ಕೆಲವು ವಿಳಾಸಗಳನ್ನು ಅದು ಗುರುತಿಟ್ಟುಕೊಂಡು ನಂತರ ಅಲ್ಲಿ ತಿದ್ದುತ್ತಿತ್ತು. ಅಷ್ಟರಲ್ಲಿ ಆ ಸಂಕೇತ ಬಿಡುಗಡೆಯಾಗಿ, ಅದೇ ವಿಳಾಸಗಳಿಗೆ ಕಾರ್ಡಿನ ಅಳಿಯದ ಸ್ಮೃತಿ ಬಂದು ಕೂತಿರುತ್ತಿತ್ತು. ಎಫ್‌ಟ್ರೇಸ್ ಬಳಸಿದ ಆದೇಶ ಹೋಲಿಕೆ ತಪ್ಪಿದರೂ ಬಸ್ಸಿನ ಮೇಲೆ ಒಂದು ಬರಹವನ್ನು ಹಾಕುವಂಥದ್ದು. ಅಷ್ಟು ಸಾಕಾಯಿತು. ಅಕ್ಟೋಬರ್ 9ರಂದು 2.6.27 ಬಿಡುಗಡೆಯಾಯಿತು, ಕೆಲವೇ ದಿನಗಳಲ್ಲಿ ಬಂದ 2.6.27.1ರಲ್ಲಿ ಆ ಸೌಲಭ್ಯವನ್ನು ಮುಚ್ಚಲಾಯಿತು.

2013ರಲ್ಲಿ ಕ್ರಿಸ್ಟಿಯನ್ ಕೀಲ್‌ಹಾಫ್ನರ್ ಬಯಲಿಗೆ ತಂದದ್ದು ಇನ್ನೊಂದು ಬಗೆಯದು. ಇಂಟರ್ನೆಟ್ ದೂರವಾಣಿಯ ಸಂಚಾರ ಸಾಗಿಸುತ್ತಿದ್ದ ಕೆಲವು ಯಂತ್ರಗಳಲ್ಲಿ ಇಂಟೆಲ್ 82574ಎಲ್ ಕಾರ್ಡು ಇದ್ದಕ್ಕಿದ್ದಂತೆ ಸಾಯುತ್ತಿತ್ತು. ರೀಬೂಟ್ ಸಾಲದು, ವಿದ್ಯುತ್ ತೆಗೆದು ಹಾಕಬೇಕಿತ್ತು. ಪ್ಯಾಕೆಟ್ಟಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ನಿರ್ದಿಷ್ಟ ಬೈಟ್ ಬಂದರೆ ಕಾರ್ಡು ಮಲಗುತ್ತದೆ ಎಂದು ಅವರು ತೋರಿಸಿದರು. ಪರಿಶೀಲಿಸಿದ ಇಂಟೆಲ್, ಮದರ್‌ಬೋರ್ಡ್ ತಯಾರಕರೊಬ್ಬರು ಕಾರ್ಡಿನ ಈಪ್ರಾಮ್‌ಗೆ ತಪ್ಪು ಮಾಹಿತಿ ತುಂಬಿದ್ದೇ ಕಾರಣ ಎಂದಿತು. ಡ್ರೈವರಿನಲ್ಲಿಯೂ ಚಿಪ್ಪಿನಲ್ಲಿಯೂ ದೋಷವಿರಲಿಲ್ಲ.

ಸಂಶೋಧನೆ

ಡ್ರೈವರುಗಳ ಅವಿಶ್ವಾಸಾರ್ಹತೆಯನ್ನು ಅಳೆದು ನೋಡಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಸ್ಟ್ಯಾನ್‌ಫರ್ಡ್‌ನ ಡಾಸನ್ ಎಂಗ್ಲರ್ ತಂಡದ್ದು ಒಂದು. 2001ರಲ್ಲಿ ಪ್ರಕಟವಾದ ಅದರ ಪ್ರಕಾರ ಲಿನಕ್ಸ್‌ನ ಡ್ರೈವರುಗಳಲ್ಲಿ ದೋಷದ ಪ್ರಮಾಣ ಕರ್ನಲ್‌ನ ಉಳಿದ ಭಾಗಕ್ಕಿಂತ ಮೂರರಿಂದ ಏಳು ಪಟ್ಟು ಹೆಚ್ಚು. 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಸ್ವಿಫ್ಟ್ ಮತ್ತು ಸಂಗಡಿಗರು ಡ್ರೈವರನ್ನು ಕರ್ನಲ್‌ನೊಳಗೇ ಬೇಲಿ ಹಾಕಿ ಇಡುವ ‘ನೂಕ್ಸ್’ ರಚಿಸಿದರು. ಆಂಡ್ರ್ಯೂ ಟಾನೆನ್‌ಬಾಮ್ ಅವರ ಮಿನಿಕ್ಸ್ 3 ಡ್ರೈವರುಗಳನ್ನು ಕರ್ನಲ್‌ನಿಂದಲೇ ಹೊರಹಾಕಿತು. ಕಡತ ಇಳಿಸಿಕೊಳ್ಳುತ್ತಿರುವಾಗಲೇ ಈಥರ್ನೆಟ್ ಡ್ರೈವರನ್ನು ಮತ್ತೆಮತ್ತೆ ಕೊಂದರೂ ಅದು ತಾನಾಗಿ ಎದ್ದು, ಟಿಸಿಪಿ ಕಳೆದುದನ್ನು ಮತ್ತೆ ತರಿಸಿಕೊಂಡು ಕೆಲಸ ಪೂರೈಸಿತು. 2009ರಲ್ಲಿ ಅಸಿಮ್ ಕದವ್ ಮತ್ತು ಸ್ವಿಫ್ಟ್ ಮತ್ತೊಂದು ದೌರ್ಬಲ್ಯವನ್ನು ಎತ್ತಿ ತೋರಿಸಿದರು. ಕಾರ್ಡು ಎಂದೂ ಕೆಡುವುದಿಲ್ಲವೆಂಬ ನಂಬಿಕೆಯಲ್ಲಿ ಬರೆದ ಡ್ರೈವರುಗಳು ಒಂದು ಬಿಟ್ ಬದಲಾಗುವುದನ್ನು ಕೊನೆಯಿಲ್ಲದೆ ಕಾಯುತ್ತ ಯಂತ್ರವನ್ನೇ ಕಟ್ಟಿಹಾಕುತ್ತವೆ.

ಸಂಚಾರದ ಒತ್ತಡದ ಸಮಸ್ಯೆಗೆ ಸಂಬಂಧಿಸಿದ ಮುಖ್ಯ ಕೆಲಸ ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್ ಅವರದು. ರಾಮಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಪ್ಯಾಕೆಟ್‌ಗಳು ಅತಿಯಾದಾಗ ಯಂತ್ರ ಇಂಟರಪ್ಟ್‌ಗಳಿಗೆ ಉತ್ತರಿಸುವುದರಲ್ಲೇ ಕಾಲ ಕಳೆದು ಯಾವ ಪ್ಯಾಕೆಟ್ಟನ್ನೂ ಮುಗಿಸದ ಸ್ಥಿತಿಯನ್ನು ಇಬ್ಬರೂ 1996ರಲ್ಲಿ ವಿಶ್ಲೇಷಿಸಿ, ಒತ್ತಡದಲ್ಲಿ ಇಂಟರಪ್ಟ್ ಬಿಟ್ಟು ಸರದಿಯಂತೆ ಕೇಳುವ ಕ್ರಮವನ್ನು ಸೂಚಿಸಿದರು. ಲುಯಿಜಿ ರಿಝೊ ಫ್ರೀಬಿಎಸ್‌ಡಿಗೆ ತಂದ ‘ಪೋಲಿಂಗ್’, ಲಿನಕ್ಸ್‌ನ ‘ನ್ಯಾಪಿ’ ಇದೇ ವಿಚಾರದ ಮುಂದುವರಿಕೆ.

ಇಂದಿನ ಸ್ಥಿತಿ

ಪ್ರತಿ ಡ್ರೈವರೂ ಉಂಗುರ, ಇಂಟರಪ್ಟ್, ವಾಚ್‌ಡಾಗ್‌ಗಳನ್ನು ತಾನೇ ಬರೆದುಕೊಳ್ಳುವ ಬದಲು ಸಾಮಾನ್ಯ ಭಾಗವನ್ನು ಹಂಚಿಕೊಳ್ಳಲೆಂದು ಫ್ರೀಬಿಎಸ್‌ಡಿ ‘ಐಎಫ್‌ಲಿಬ್’ ರೂಪಿಸಿದೆ. ಇಂಟೆಲ್ ಡ್ರೈವರುಗಳು ಅದರ ಮೇಲೆ ನಿಂತಿವೆ. ಯಾರೂ ಪರೀಕ್ಷಿಸದ 10 ಮತ್ತು 100 ಮೆಗಾಬಿಟ್ ಡ್ರೈವರುಗಳಲ್ಲಿ ಹಲವನ್ನು 2021ರ ಫ್ರೀಬಿಎಸ್‌ಡಿ 13ರ ಹೊತ್ತಿಗೆ ಕೈಬಿಡಲಾಯಿತು. ಬಳಕೆಯಲ್ಲಿರುವ ‘ಆರ್‌ಎಲ್’ ಮೊದಲಾದವು ಆ ಸಲ ಉಳಿದುಕೊಂಡವು. ಲಿನಕ್ಸ್‌ನಲ್ಲಿ ಸ್ಮೃತಿದೋಷಗಳನ್ನು ಭಾಷೆಯ ಮಟ್ಟದಲ್ಲೇ ತಡೆಯುವ ರಸ್ಟ್‌ನಲ್ಲಿ ಬರೆದ ಮೊದಲ ಜಾಲ ಡ್ರೈವರು, ಎಸಿಕ್ಸ್ ಚಿಪ್ಪಿನದು, 2024ರ 6.8 ಆವೃತ್ತಿಯಲ್ಲಿ ಸೇರಿತು. ವರ್ಚುವಲ್ ಯಂತ್ರಗಳಲ್ಲಿ ನಿಜವಾದ ಚಿಪ್ಪಿನ ಅನುಕರಣೆಗಿಂತ ‘ವರ್ಟ್‌ಐಒ’ದಂಥ, ಬಹಿರಂಗ ಮಾನಕವಿರುವ ಕಾರ್ಡನ್ನು ಆರಿಸಿಕೊಳ್ಳುವುದು ರೂಢಿಯಾಗಿದೆ.

ದೋಷ ಗೊತ್ತಾದ ಮೇಲೆ ಅದನ್ನು ವರದಿ ಮಾಡುವುದು ಬಳಕೆದಾರರ ಕಡೆಯ ಕೊನೆಯ ಹೆಜ್ಜೆ. ಕಾರ್ಡಿನ ಪೂರ್ಣ ಗುರುತು, ‘ಡಿಮೆಸೇಜ್’ನ ಇಡೀ ಪಾಠ, ದೋಷ ಬರಿಸುವ ಆದೇಶ, ಯಾವುದನ್ನು ಆರಿಸಿದಾಗ ನಿಂತಿತು ಎಂಬ ವಿವರ ಇದ್ದರೆ ಡ್ರೈವರ್ ಬರೆದವರು ಆ ಚಿಪ್ಪನ್ನು ಕೈಯಲ್ಲಿ ಹಿಡಿಯದೆಯೂ ಕಾರಣವನ್ನು ಊಹಿಸಬಲ್ಲರು. ಓಪನ್‌ಬಿಎಸ್‌ಡಿಯ ‘ಸೆಂಡ್‌ಬಗ್’ ಆದೇಶ ಇವುಗಳಲ್ಲಿ ಮೊದಲಿನವನ್ನು ತಾನೇ ಲಗತ್ತಿಸುತ್ತದೆ. ಹೊಸ ಕಾರ್ಡು ಕೊಳ್ಳುವವರು ಫ್ರೀಬಿಎಸ್‌ಡಿ ಪ್ರತಿ ಬಿಡುಗಡೆಯೊಂದಿಗೆ ಪ್ರಕಟಿಸುವ ಯಂತ್ರಾಂಶ ಪಟ್ಟಿಯನ್ನು, ಅದರಲ್ಲೂ ಚಿಪ್ಪಿನ ಪರಿಷ್ಕರಣೆಯನ್ನು, ದುಡ್ಡು ಕೊಡುವ ಮೊದಲೇ ನೋಡುವುದು ಒಳ್ಳೆಯದು.